ಬದಲಿಸುವ ಮೊದಲು ಅಳೆಯಿರಿ: ಹಳೆಯ ಮಾರುತಿ 800 ಕಲಿಸಿದ ಭೌತಶಾಸ್ತ್ರ



ಪ್ರತಿ ವರ್ಷ ಪ್ರಥಮ ಪಿಯುಸಿ ತರಗತಿಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಬರ್ನೌಲಿ ಸಮೀಕರಣ ಪರೀಕ್ಷೆ ಬಿಟ್ಟು ಇನ್ನೆಲ್ಲಿ ಉಪಯೋಗಕ್ಕೆ ಬರುತ್ತೆ?" ನ್ಯಾಯವಾದ ಪ್ರಶ್ನೆ. ಮೊದಲೆಲ್ಲ ವಿಮಾನದ ರೆಕ್ಕೆಯ ಉದಾಹರಣೆ ಕೊಡುತ್ತಿದ್ದೆ. ನಮ್ಮಲ್ಲಿ ಬಹಳ ಮಂದಿ ವಿಮಾನದ ರೆಕ್ಕೆಯನ್ನು ಹತ್ತಿರದಿಂದ ನೋಡಿದವರಲ್ಲ. ಈಗ ನನ್ನ ಉತ್ತರ ಬೇರೆ. ಅದು ನಮ್ಮ ಮನೆಯ ಮುಂದೆ ನಿಂತಿದೆ.

2022ರಲ್ಲಿ ಮಂಗಳೂರಿನ ಸಂಬಂಧಿಕರೊಬ್ಬರಿಂದ 1998ರ ಮಾರುತಿ 800 ಕೊಂಡೆ. ಅದೇ ನನ್ನ ಮೊದಲ ಕಾರು. ಹಳೆಯ ಕಾರು ಕೊಂಡರೆ ರಿಪೇರಿ ತಪ್ಪಿದ್ದಲ್ಲ. ರಿಪೇರಿಯನ್ನು ಆದಷ್ಟು ನಾನೇ ಕಲಿಯಬೇಕು ಎಂದು ಮೊದಲೇ ನಿಶ್ಚಯಿಸಿದ್ದೆ. ಆ ಕಲಿಕೆಯಲ್ಲಿ ನಮ್ಮ ಪಠ್ಯಪುಸ್ತಕದ ನಾಲ್ಕು ಪಾಠಗಳು ಒಂದೊಂದಾಗಿ ಎದುರಿಗೆ ಬಂದವು. ಅವನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಕಾರಿನ ಪರಿಚಯ

ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು 1983ರ ಡಿಸೆಂಬರ್ 14ರಂದು ಆಗಿನ ಪ್ರಧಾನಿ ಇಂದಿರಾ ಗಾಂಧಿ ಗ್ರಾಹಕರೊಬ್ಬರಿಗೆ ಕೊಟ್ಟರು. 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಿಎಸ್ 4 ಹೊಗೆ ನಿಯಮ ಬಂದಾಗ ನಮ್ಮೂರಿನಲ್ಲಿ ಹೊಸ 800ರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ಕಾರ್ಖಾನೆಯೇ ಅದರ ತಯಾರಿಕೆ ನಿಲ್ಲಿಸಿತು. ಆದರೂ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ಇಂದಿಗೂ ಅದು ಕಣ್ಣಿಗೆ ಬೀಳುತ್ತದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹೊಸ ಬಿಡಿಭಾಗಗಳು, ಶಿವಾಜಿನಗರದ ಗುಜರಿಯಲ್ಲಿ ಹಳೆಯವು ಸಿಗುತ್ತವೆ.

ಕಲಿಯುವವರಿಗೆ ಈ ಕಾರು ಅನುಕೂಲ. 2000ದ ಸುಮಾರಿಗೆ ಮುಂಚಿನ ಮಾದರಿಗಳಲ್ಲಿ ಇಂಧನವನ್ನು ಕಂಪ್ಯೂಟರ್ ನಿಯಂತ್ರಿಸುವುದಿಲ್ಲ, ಕಾರ್ಬ್ಯುರೇಟರ್ ಇರುತ್ತದೆ. ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಾಣುತ್ತದೆ, ಕೈಗೆ ಸಿಗುತ್ತದೆ.

"800" ಎಂಬ ಸಂಖ್ಯೆ ಎಲ್ಲಿಂದ ಬಂತು? ಎಂಜಿನ್‌ನಲ್ಲಿ 3 ಸಿಲಿಂಡರ್. ಒಂದೊಂದರ ವ್ಯಾಸ 68.5 ಮಿ.ಮೀ. ಪಿಸ್ಟನ್ ಚಲಿಸುವ ದೂರ 72 ಮಿ.ಮೀ. ಸಿಲಿಂಡರಿನ ಘನಫಲ ಕಂಡುಹಿಡಿಯುವುದನ್ನು ನೀವು ಹೈಸ್ಕೂಲಿನಲ್ಲೇ ಕಲಿತಿದ್ದೀರಿ. ತ್ರಿಜ್ಯ 3.425 ಸೆಂ.ಮೀ. ಅದರ ವರ್ಗವನ್ನು 3.1416ರಿಂದ ಗುಣಿಸಿ, ನಂತರ 7.2ರಿಂದ ಗುಣಿಸಿದರೆ ಸುಮಾರು 265.3 ಘನ ಸೆಂ.ಮೀ. ಮೂರು ಸಿಲಿಂಡರಿಗೆ 796. ಆರ್‌ಸಿ ಪುಸ್ತಕದಲ್ಲಿ ಬರೆದಿರುವ ಸಿಸಿ ಇದೇ.

ಪಾಠ 1: ಟಕ್ ಎಂದ ಸ್ಟಾರ್ಟರ್, ಓಮ್‌ನ ನಿಯಮ

ಕಾರು ತಂದ ಎರಡನೇ ತಿಂಗಳು ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಬರೀ "ಟಕ್" ಎಂಬ ಸದ್ದು. ಎಂಜಿನ್ ತಿರುಗಲಿಲ್ಲ. ಹೆಡ್‌ಲೈಟ್ ಹಾಕಿದರೆ ಚೆನ್ನಾಗಿ ಉರಿಯುತ್ತಿತ್ತು. ಕೀ ತಿರುಗಿಸಿದೊಡನೆ ಮಂಕಾಗುತ್ತಿತ್ತು. ಹತ್ತಿರದ ಅಂಗಡಿಯವರು ನೋಡಿ, "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ" ಎಂದರು. ಲಕ್ಷಣ ನೋಡಿದರೆ ಹಾಗೆಯೇ ಅನ್ನಿಸುತ್ತದೆ. ಆದರೆ ಬ್ಯಾಟರಿಗೆ ಸಾವಿರಾರು ರೂಪಾಯಿ. ಕೊಡುವ ಮೊದಲು ಅಳೆದು ನೋಡೋಣ ಎಂದು ಲ್ಯಾಬ್‌ನಲ್ಲಿ ನಾವು ಬಳಸುವಂಥದೇ ಒಂದು ಮಲ್ಟಿಮೀಟರ್ ತಂದೆ.

ಬ್ಯಾಟರಿಯ ಎರಡು ತುದಿಗಳ ನಡುವೆ 12.5 ವೋಲ್ಟ್ ಇತ್ತು. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ 12.6ರ ಆಸುಪಾಸು ಇರುತ್ತದೆ. ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ ಮತ್ತೆ ಅಳೆದೆ: 11.8. ನಿಜವಾಗಿ ಸೋತ ಬ್ಯಾಟರಿಯಾಗಿದ್ದರೆ ಆ ಹೊತ್ತಿಗೆ 9.6ಕ್ಕಿಂತಲೂ ಕೆಳಗೆ ಕುಸಿಯಬೇಕಿತ್ತು. ಅಂದರೆ ಬ್ಯಾಟರಿ ಕೊಡುತ್ತಿದೆ, ಸ್ಟಾರ್ಟರ್‌ಗೆ ಮುಟ್ಟುತ್ತಿಲ್ಲ. ನಡುವೆ ಎಲ್ಲಿ ಸೋರಿಹೋಗುತ್ತಿದೆ?

ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೆ ಹಿಡಿದೆ. ಇವೆರಡೂ ದಪ್ಪ ಕೇಬಲ್‌ನಿಂದ ಕೂಡಿರುವುದರಿಂದ ಕೀ ತಿರುಗಿಸಿದಾಗ ಅರ್ಧ ವೋಲ್ಟ್ ಮೀರಬಾರದು. ಮೀಟರ್ ಸುಮಾರು 4 ತೋರಿಸಿತು. ನೆಗೆಟಿವ್ ಕೇಬಲ್ ಬಾಡಿಗೆ ಸೇರುವ ಬೋಲ್ಟಿನ ಕೆಳಗೆ ತುಕ್ಕು ಕೂತಿತ್ತು. ಕರಾವಳಿಯ ಉಪ್ಪುಗಾಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದ ಕಾರು ತಾನೇ! ಬೋಲ್ಟ್ ಬಿಚ್ಚಿ, ಎಮರಿ ಪೇಪರ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ಸ್ವಲ್ಪ ಗ್ರೀಸ್ ಸವರಿದೆ. ಖರ್ಚು ಒಂದು ಎಮರಿ ಪೇಪರ್. ಅದೇ ಬ್ಯಾಟರಿ ಆಮೇಲೂ ಬಹಳ ದಿನ ಬಂತು.

ಹಾಗಾದರೆ ಹೆಡ್‌ಲೈಟ್ ಚೆನ್ನಾಗಿ ಉರಿದದ್ದು ಹೇಗೆ? ಇಲ್ಲೇ ಓಮ್‌ನ ನಿಯಮ ಬರುವುದು. ವೋಲ್ಟ್ ಇಳಿತ ಎಂದರೆ ಪ್ರವಾಹ ಗುಣಿಸು ರೋಧ. ತುಕ್ಕಿನ ರೋಧ 0.05 ಓಮ್ ಎಂದಿಟ್ಟುಕೊಳ್ಳಿ. ಎರಡು ಹೆಡ್‌ಲೈಟ್ ಎಳೆಯುವುದು ಸುಮಾರು 9 ಆಂಪಿಯರ್, ಇಳಿತ 0.45 ವೋಲ್ಟ್, ಕಣ್ಣಿಗೆ ಗೊತ್ತಾಗದು. ಸ್ಟಾರ್ಟರ್ 80 ಆಂಪಿಯರ್ ಎಳೆದರೆ ಅದೇ ರೋಧದಲ್ಲಿ 4 ವೋಲ್ಟ್ ಹೋಯಿತು. ದೋಷ ಒಂದೇ, ಸಣ್ಣ ಕೆಲಸದಲ್ಲಿ ಅದು ಅಡಗಿಕೊಳ್ಳುತ್ತದೆ, ದೊಡ್ಡ ಕೆಲಸದಲ್ಲಿ ಹೊರಬೀಳುತ್ತದೆ.

ಪಾಠ 2: ಕಪ್ಪು ಪ್ಲಗ್, ಬರ್ನೌಲಿ

ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದ ದಿನ, ಹಿಂದಿನ ಬೆಂಚಿನ ಹುಡುಗನೊಬ್ಬ ಪಾಠ ಮುಗಿದ ಮೇಲೆ ಬಂದ. "ಸರ್, ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಮಾಮೂದು ಗ್ಯಾರೇಜ್ ಇದೆ. ಭಾನುವಾರ ನಾನೂ ಹೋಗ್ತೀನಿ. ಯಾರಿಗೂ ಹೇಳ್ಬೇಡಿ" ಎಂದ. ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಅವನಿಗೆ ಭೌತಶಾಸ್ತ್ರದಲ್ಲಿ ಆಗ ಪಾಸ್ ಅಂಕವೂ ಕಷ್ಟವಿತ್ತು. ಸೈನ್ಸ್ ಬಿಟ್ಟುಬಿಡುವ ಯೋಚನೆಯಲ್ಲಿದ್ದ.

ಮುಂದಿನ ಭಾನುವಾರ ಕಾರು ತೆಗೆದುಕೊಂಡು ಅಲ್ಲಿಗೆ ಹೋದೆ. ಗ್ಯಾರೇಜಿನಲ್ಲಿ ಅವನ ಮಾಮೂರನ್ನು ಎಲ್ಲರೂ "ಉಸ್ತಾದ್" ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ನನ್ನ ದೂರು ಇಷ್ಟೇ: ಮೈಲೇಜ್ ಕಡಿಮೆ, ಹೊಗೆಯಲ್ಲಿ ಪೆಟ್ರೋಲ್ ವಾಸನೆ. ಉಸ್ತಾದ್ ಏನೂ ಕೇಳದೆ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. ತುದಿಯಲ್ಲಿ ಒಣ ಮಸಿ. "ಪೆಟ್ರೋಲ್ ಜಾಸ್ತಿ ಕುಡೀತಿದೆ ಸಾರ್, ಗಾಳಿ ಸಾಲ್ತಿಲ್ಲ" ಎಂದರು. ಪ್ಲಗ್ಗಿನ ಬಣ್ಣ ಓದುವುದನ್ನು ಅವರಿಂದಲೇ ಕಲಿತೆ. ತಿಳಿ ಕಂದು ಇದ್ದರೆ ಹದ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ಬಿಸಿ ಹೆಚ್ಚು. ಎಣ್ಣೆಯಿಂದ ಒದ್ದೆಯಾಗಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ.

ಕಾರ್ಬ್ಯುರೇಟರ್ ಒಂದು ಕೊಳವೆ, ನಡುವೆ ಕಿರಿದಾಗಿದೆ. ಪಿಸ್ಟನ್ ಗಾಳಿ ಎಳೆದಾಗ ಕಿರಿದಾದ ಜಾಗದಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಇದೇ ಬರ್ನೌಲಿ ತತ್ವ. ಪಕ್ಕದ ಪುಟ್ಟ ಬಟ್ಟಲಿನಲ್ಲಿರುವ ಪೆಟ್ರೋಲ್ ಮೇಲೆ ಹೊರಗಿನ ಗಾಳಿಯ ಒತ್ತಡವಿದೆ. ಒತ್ತಡದ ಈ ವ್ಯತ್ಯಾಸ ಪೆಟ್ರೋಲನ್ನು ಸಣ್ಣ ರಂಧ್ರದ ಮೂಲಕ ಗಾಳಿಗೆ ನೂಕುತ್ತದೆ. ಪೂರ್ತಿ ಉರಿಯಲು ತೂಕದಲ್ಲಿ 1 ಭಾಗ ಪೆಟ್ರೋಲಿಗೆ ಸುಮಾರು 14.7 ಭಾಗ ಗಾಳಿ ಬೇಕು.

ಈಗ ಊರಿನ ಲೆಕ್ಕ ನೋಡಿ. ಮಂಗಳೂರು ಸಮುದ್ರಮಟ್ಟದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಹತ್ತಿರಹತ್ತಿರ ಶೇ. 10 ಕಡಿಮೆ. ಒಂದೇ ಒತ್ತಡ ವ್ಯತ್ಯಾಸದಲ್ಲಿ ಹರಿಯುವ ಗಾಳಿಯ ರಾಶಿಯು ಸಾಂದ್ರತೆಯ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಮಂಗಳೂರಿನಲ್ಲಿ ಹದಮಾಡಿದ ಕಾರ್ಬ್ಯುರೇಟರ್ ಬೆಂಗಳೂರಿನಲ್ಲಿ ಗಾಳಿಗೆ ಹೋಲಿಸಿದರೆ ಸುಮಾರು ಶೇ. 5ರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಅಷ್ಟರಿಂದಲೇ ಪ್ಲಗ್ ಹೀಗೆ ಮಸಿಯಾಗದು. ಏರ್ ಫಿಲ್ಟರ್ ಕೂಡ ಧೂಳು ತುಂಬಿ ಮುಚ್ಚಿಹೋಗಿತ್ತು. ಫಿಲ್ಟರ್ ಬದಲಿಸಿ, ಎಂಜಿನ್ ಬಿಸಿಯಾದ ಮೇಲೆ ಉಸ್ತಾದ್ ಹದದ ಸ್ಕ್ರೂವನ್ನು ಕಾಲು ಸುತ್ತು, ಇನ್ನೊಂದು ಕಾಲು ಸುತ್ತು ತಿರುಗಿಸುತ್ತಾ ಎಂಜಿನ್ನಿನ ಸದ್ದು ಕೇಳಿದರು. ಸದ್ದು ಒಂದೇ ಸಮನಾದಾಗ ಕೈ ನಿಲ್ಲಿಸಿದರು.

ನಂತರ ಎಮಿಷನ್ ಟೆಸ್ಟ್ ಮಾಡಿಸಿದೆ. ಬಿಎಸ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3 ಮೀರಬಾರದು. ಯಂತ್ರ ತೋರಿಸಿದ ಅಂಕಿ ಮಿತಿಯೊಳಗಿತ್ತು. ಅಂದರೆ ಉಸ್ತಾದರ ಕಿವಿ ಮತ್ತು ಯಂತ್ರ ಒಂದೇ ಮಾತು ಹೇಳಿದವು. ಕಿವಿಯೂ ಒಂದು ಮಾಪಕವೇ. ಅದನ್ನು ಹದಗೊಳಿಸಲು ಅವರಿಗೆ ಮೂವತ್ತು ವರ್ಷ ಹಿಡಿದಿದೆ.

ಪಾಠ 3: ಜಾಮ್‌ನಲ್ಲಿ ಬಿಸಿ, ಕುದಿಬಿಂದು

ಬೇಸಿಗೆಯಲ್ಲಿ ಹೊಸ ತೊಂದರೆ ಶುರುವಾಯಿತು. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಓಡುವಾಗ ಬಿಸಿಯ ಮುಳ್ಳು ಸರಿಯಾದ ಜಾಗದಲ್ಲೇ ಇರುತ್ತಿತ್ತು. ನಾಯಂಡಹಳ್ಳಿಯ ಜಾಮ್‌ನಲ್ಲಿ ನಿಂತರೆ ಮೇಲೇರುತ್ತಿತ್ತು. ಈ ಬಾರಿ ಉಸ್ತಾದ್ ತಾವು ಉತ್ತರ ಹೇಳಲಿಲ್ಲ. ಅಳಿಯನತ್ತ ತಿರುಗಿ, "ನೀನು ಹೇಳು ಬೇಟಾ" ಎಂದರು.

ಹುಡುಗ ಯೋಚಿಸಿ ಹೇಳಿದ: "ಓಡುವಾಗ ರೇಡಿಯೇಟರ್‌ಗೆ ಎದುರು ಗಾಳಿ ಸಿಗುತ್ತೆ. ನಿಂತಾಗ ಫ್ಯಾನೇ ಗಾಳಿ ಕೊಡಬೇಕು. ನೀರು ಕಡಿಮೆಯಿದ್ದರೆ ಅಥವಾ ಪಂಪ್ ಕೆಟ್ಟಿದ್ದರೆ ಓಡುವಾಗಲೂ ಬಿಸಿಯಾಗಬೇಕಿತ್ತು. ಹಾಗಾಗಿ ಫ್ಯಾನ್ ನೋಡೋಣ." ಫ್ಯಾನ್ ತಿರುಗುತ್ತಿರಲಿಲ್ಲ. ಮೋಟರ್ ಕೆಟ್ಟಿದೆಯೋ, ಬಿಸಿಯಾದಾಗ ಅದನ್ನು ಚಾಲೂ ಮಾಡುವ ಸ್ವಿಚ್ ಕೆಟ್ಟಿದೆಯೋ? ಸ್ವಿಚ್ಚಿನ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದ, ಫ್ಯಾನ್ ತಿರುಗಿತು. ಮೋಟರ್ ಸರಿಯಿದೆ, ಸ್ವಿಚ್ ಸತ್ತಿದೆ. ಒಂದೇ ಪರೀಕ್ಷೆಯಿಂದ ಎರಡು ಸಾಧ್ಯತೆಗಳಲ್ಲಿ ಒಂದು ಬಿದ್ದುಹೋಯಿತು. ಲ್ಯಾಬ್ ರೆಕಾರ್ಡ್‌ನಲ್ಲಿ ಅವನು ಇಷ್ಟು ಚೆನ್ನಾಗಿ ಎಂದೂ ಬರೆದಿರಲಿಲ್ಲ.

ಜೊತೆಗೆ ರೇಡಿಯೇಟರ್ ಮುಚ್ಚಳದ ರಬ್ಬರ್ ಗಟ್ಟಿಯಾಗಿತ್ತು, ಅದನ್ನೂ ಬದಲಿಸಿದೆವು. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಂಜಿನ್ನಿನ ನೀರು ಅದರ ಹತ್ತಿರದಲ್ಲೇ ಕೆಲಸ ಮಾಡುತ್ತದೆ. ಅದಕ್ಕೇ ಮುಚ್ಚಳ ಬರೀ ಮುಚ್ಚಳವಲ್ಲ, ಒತ್ತಡ ಹಿಡಿದಿಡುವ ಕವಾಟ. ಒಳಗಿನ ಒತ್ತಡವನ್ನು ಹೊರಗಿಗಿಂತ 0.9 ಬಾರ್ ಹೆಚ್ಚಿಟ್ಟರೆ ಕುದಿಬಿಂದು 115 ಡಿಗ್ರಿ ದಾಟುತ್ತದೆ. ಪ್ರೆಶರ್ ಕುಕ್ಕರ್‌ನ ತತ್ವವೇ ಇದು. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ತೆಗೆದೊಡನೆ ಒತ್ತಡ ಇಳಿದು, 97 ಡಿಗ್ರಿಗಿಂತ ಬಿಸಿಯಿರುವ ನೀರು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಪಾಠ 4: ಬ್ರೇಕ್, ಪಾಸ್ಕಲ್

ಪಾಸ್ಕಲ್ ನಿಯಮಕ್ಕೆ ನಮ್ಮ ಪ್ರಥಮ ಪಿಯುಸಿ ಪುಸ್ತಕದಲ್ಲೇ ಹೈಡ್ರಾಲಿಕ್ ಬ್ರೇಕಿನ ಉದಾಹರಣೆ ಇದೆ. ಲೆಕ್ಕಕ್ಕೆ ಸುಲಭವಾದ ಅಂಕಿಗಳನ್ನು ಹಿಡಿಯೋಣ. ಕಾಲಿನ ಬಲ 200 ನ್ಯೂಟನ್. ಪೆಡಲ್ ಒಂದು ಸನ್ನೆಕೋಲು. ಅದು ಬಲವನ್ನು ನಾಲ್ಕು ಪಟ್ಟು ಮಾಡಿದರೆ 800 ನ್ಯೂಟನ್. 3 ಚದರ ಸೆಂ.ಮೀ. ಪಿಸ್ಟನ್ ಮೇಲೆ ಇದು ಬಿದ್ದಾಗ ಒತ್ತಡ ಸುಮಾರು 267 ನ್ಯೂಟನ್ ಪ್ರತಿ ಚದರ ಸೆಂ.ಮೀ. ಅದೇ ಒತ್ತಡ ಮುಂದಿನ ಚಕ್ರದ 18 ಚದರ ಸೆಂ.ಮೀ. ಪಿಸ್ಟನ್ ಮೇಲೆ 4,800 ನ್ಯೂಟನ್ ಬಲವಾಗುತ್ತದೆ.

ದ್ರವ ಕುಗ್ಗುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಲೆಕ್ಕವೆಲ್ಲ ನಿಂತಿದೆ. ಪೈಪಿನೊಳಗೆ ಗಾಳಿಯ ಗುಳ್ಳೆ ಸೇರಿದರೆ ಕಾಲಿನ ಚಲನೆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನೂ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್‌ನ ಕುದಿಬಿಂದು ಕನಿಷ್ಠ 205 ಡಿಗ್ರಿ. ತೇವ ಹೀರಿದ ಮೇಲೆ 140ರ ಮಟ್ಟಕ್ಕೆ ಇಳಿಯಬಹುದು. ಶಿರಾಡಿ ಘಾಟಿಯಂಥ ಇಳಿಜಾರಿನಲ್ಲಿ ಬ್ರೇಕ್ ಕಾದರೆ ಆ ಆಯಿಲ್ ಒಳಗೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎನ್ನುವುದು ಇದಕ್ಕೇ.

ಉಳಿದ ಕೆಲಸಗಳನ್ನು ನಾನು ಮನೆಯಲ್ಲಿ ಮಾಡುತ್ತೇನೆ. ಬ್ರೇಕನ್ನು ಮಾತ್ರ ಇಂದಿಗೂ ಉಸ್ತಾದ್ ಎದುರಿಗೇ ಬಿಚ್ಚುತ್ತೇನೆ. ಅಲ್ಲಿ ಸಣ್ಣ ಲೋಪವಾದರೂ ಪೆಟ್ಟು ಬೀಳುವುದು ನನಗಲ್ಲ, ರಸ್ತೆ ದಾಟುತ್ತಿರುವ ಇನ್ಯಾರಿಗೋ.

ಗ್ಯಾರೇಜ್ ಮತ್ತು ತರಗತಿ

ನಮ್ಮ ಕಾಲೇಜಿನ ಎಷ್ಟೋ ಮಕ್ಕಳ ಮನೆಯಲ್ಲಿ ತಂದೆ ಆಟೋ ಓಡಿಸುತ್ತಾರೆ, ಅಣ್ಣ ವೆಲ್ಡಿಂಗ್ ಮಾಡುತ್ತಾರೆ, ಚಿಕ್ಕಪ್ಪ ಟಿಂಕರಿಂಗ್ ಮಾಡುತ್ತಾರೆ. ಅದನ್ನು ತರಗತಿಯಲ್ಲಿ ಹೇಳಲು ಸಂಕೋಚ ಪಡುವವರನ್ನು ನೋಡಿದ್ದೇನೆ. ಪುಸ್ತಕದ ವಿದ್ಯೆ ಮೇಲು, ಕೈಕೆಲಸ ಕೀಳು ಎಂದು ಯಾರೋ ಇವರಿಗೆ ಕಲಿಸಿಬಿಟ್ಟಿದ್ದಾರೆ. ಉಸ್ತಾದ್ ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟು ಯಾವ ಸಿಲಿಂಡರಿನಲ್ಲಿ ಸದ್ದಿದೆ ಎಂದು ಹೇಳುತ್ತಾರೆ. ಘನವಸ್ತುವಿನಲ್ಲಿ ಶಬ್ದ ಗಾಳಿಗಿಂತ ಚೆನ್ನಾಗಿ ಸಾಗುತ್ತದೆ ಎಂದು ನಾವು ಬೋರ್ಡಿನ ಮೇಲೆ ಬರೆಯುತ್ತೇವೆ. ಎರಡೂ ಒಂದೇ ಜ್ಞಾನ. ಅವರಿಗೆ ಸೂತ್ರ ತಿಳಿದಿದ್ದರೆ ಹೊಸ ಬಗೆಯ ವಾಹನ ಬಂದಾಗ ಹೆದರಬೇಕಾಗಿಲ್ಲ. ನಮಗೆ ಅವರ ಕೈ ಬಂದರೆ ಸೂತ್ರ ಮರೆಯುವುದಿಲ್ಲ.

ಆ ಹುಡುಗ ಸೈನ್ಸ್ ಬಿಡಲಿಲ್ಲ. ಫ್ಯಾನಿನ ಸ್ವಿಚ್ ಕಥೆಯನ್ನು ತರಗತಿಯಲ್ಲಿ ತಾನೇ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ. ಗ್ಯಾರೇಜ್ ಯಾರದು ಎಂದೂ ಹೇಳಿದ. ದ್ವಿತೀಯ ಪಿಯುಸಿ ಮುಗಿಸಿ ಈಗ ಆಟೋಮೊಬೈಲ್ ಡಿಪ್ಲೊಮಾ ಓದುತ್ತಿದ್ದಾನೆ. ಇಂಥ ಆಸಕ್ತಿ ಇರುವವರಿಗೆ ನಮ್ಮ ಸುತ್ತಲೇ ದಾರಿಗಳಿವೆ. ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ ಇದೆ. ಕೆಂಗೇರಿಯಿಂದ ಮುಂದೆ ಬಿಡದಿಯಲ್ಲಿ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆ ಇದೆ. ವಿಚಾರಿಸಿ.

ಕಲಿಯುವವರಿಗೆ ಎಚ್ಚರಿಕೆಗಳು

1. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಎಂದೂ ಹೋಗಬೇಡಿ. ಗಟ್ಟಿ ಸ್ಟ್ಯಾಂಡ್ ಕೊಡಿ, ಚಕ್ರಗಳಿಗೆ ಕಲ್ಲಿಡಿ.

2. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಕೊಲ್ಲುತ್ತದೆ.

3. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಕೈಯ ಉಂಗುರ, ಬಳೆ, ವಾಚು ತೆಗೆದಿಡಿ.

4. ಹದಿನೆಂಟು ತುಂಬಿ ಲೈಸೆನ್ಸ್ ಬರುವವರೆಗೆ ರಿಪೇರಿ ಕಲಿಯಿರಿ, ರಸ್ತೆಯಲ್ಲಿ ಓಡಿಸಬೇಡಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

5. ಹಳೆಯ ಕಾರು ಕೊಳ್ಳುವ ಮನೆಯವರಿಗೆ ಒಂದು ಮಾತು ಹೇಳಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಆರ್‌ಟಿಒದಲ್ಲಿ ತೋರಿಸಿ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ 10,000 ಆಯಿತು. ಕೊಳ್ಳುವ ಬೆಲೆಯ ಜೊತೆ ಇದನ್ನೂ ಲೆಕ್ಕ ಹಾಕಲಿ.

ನೀವೇ ಮಾಡಿ ನೋಡಿ

1. ಮನೆಯ ಸ್ಕೂಟರ್, ಬೈಕ್ ಅಥವಾ ಆಟೋದ ಸಿಲಿಂಡರ್ ವ್ಯಾಸ ಮತ್ತು ಪಿಸ್ಟನ್ ಚಲಿಸುವ ದೂರವನ್ನು ಕೈಪಿಡಿಯಲ್ಲಿ ಹುಡುಕಿ, ಸಿಸಿ ಲೆಕ್ಕ ಹಾಕಿ. ಆರ್‌ಸಿಯಲ್ಲಿರುವ ಅಂಕಿಯೊಂದಿಗೆ ಹೋಲಿಸಿ.

2. ಒಂದು ಕಾರಿನ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್, 100 ಆಂಪಿಯರ್ ಎಳೆದಾಗ 10.6 ವೋಲ್ಟ್. ಬ್ಯಾಟರಿಯ ಆಂತರಿಕ ರೋಧ ಎಷ್ಟು?

3. ಪಾಠ 4ರ ಬ್ರೇಕಿನಲ್ಲಿ ಚಕ್ರದ ಪಿಸ್ಟನ್ 0.5 ಮಿ.ಮೀ. ಮುಂದೆ ಹೋಗಬೇಕಾದರೆ ಮೊದಲ ಪಿಸ್ಟನ್ ಎಷ್ಟು ಚಲಿಸಬೇಕು? ಒಂದೇ ಚಕ್ರ ಎಂದು ಭಾವಿಸಿ.

4. ಮನೆಯಲ್ಲಿ ಅಥವಾ ಬೀದಿಯಲ್ಲಿ ಕೈಕೆಲಸ ಬಲ್ಲವರೊಬ್ಬರ ಬಳಿ ಅರ್ಧ ಗಂಟೆ ಕುಳಿತುಕೊಳ್ಳಿ. ಅವರು ದೋಷವನ್ನು ಹೇಗೆ ಹುಡುಕುತ್ತಾರೆ, ಯಾವುದನ್ನು ಮೊದಲು ನೋಡುತ್ತಾರೆ, ಏಕೆ ಎಂದು ಕೇಳಿ ಒಂದು ಪುಟ ಬರೆಯಿರಿ. ಅವರು ಬಳಸಿದ ಭೌತಶಾಸ್ತ್ರದ ತತ್ವ ಯಾವುದೆಂದು ನೀವು ಸೇರಿಸಿ.

ಉತ್ತರಗಳನ್ನು ಭೌತಶಾಸ್ತ್ರ ವಿಭಾಗಕ್ಕೆ ತಂದುಕೊಡಿ. ನಾಲ್ಕನೆಯದನ್ನು ಬರೆದವರು ಯಾರ ಬಳಿ ಕಲಿತಿರಿ ಎಂಬುದನ್ನು ಹಾಳೆಯ ಮೇಲ್ಭಾಗದಲ್ಲೇ ಬರೆಯಿರಿ: ಅಪ್ಪ, ಮಾಮೂ, ಪಕ್ಕದ ಮನೆಯ ಮೆಕ್ಯಾನಿಕ್, ಯಾರೇ ಆಗಲಿ. ಅವರೂ ನಿಮ್ಮ ಮೇಷ್ಟ್ರೇ.